ಭಾಂಡುಪಿನ ಬೆನ್ನ ಹಿಂದಿನ ಬೆಟ್ಟ

ಮುಂಬಯಿಯ ಭಾಂಡುಪ್ ಪಶ್ಚಿಮದಲ್ಲಿ ಚಾಳುಗಳ ತಗಡಿನ ಮಾಡು ಮುಗಿಯುವಲ್ಲೇ ಗುಡ್ಡ ಶುರುವಾಗುತ್ತದೆ. ಅದು ಸುಮಾರು 104 ಚದರ ಕಿಲೋಮೀಟರ್ ಹಬ್ಬಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು. ಆದರೆ ಅಲ್ಲಿಗೆ ಚಾರಣ ಹೊರಟ ಭಾಂಡುಪಿನವರು ಸೆಂಟ್ರಲ್ ಲೈನಿನ ಲೋಕಲ್ ಹಿಡಿದು ದಾದರಿಗೆ ಹೋಗಿ, ವೆಸ್ಟರ್ನ್ ಲೈನಿಗೆ ಬದಲಾಯಿಸಿ ಬೊರಿವಲಿಯಲ್ಲಿ ಇಳಿಯುತ್ತಾರೆ. ಮುಖ್ಯ ಬಾಗಿಲು ಇರುವುದು ಅಲ್ಲೇ. ಭಾಂಡುಪ್ ಕಡೆಗೆ ಮಹಾನಗರಪಾಲಿಕೆಯ ನೀರು ಶುದ್ಧೀಕರಣ ಘಟಕ, ಅದರಾಚೆ ವಿಹಾರ್ ಮತ್ತು ತುಳಸಿ ಕೆರೆಗಳ ಕಾಡು. ಎರಡಕ್ಕೂ ಕಾವಲಿದೆ. ಮುಂಬಯಿ ಕುಡಿಯುವ ನೀರಿನ ಹೆಚ್ಚಿನ ಪಾಲು ಈ ಘಟಕವನ್ನು ಹಾದೇ ನಲ್ಲಿಗೆ ಬರುವುದರಿಂದ ಆ ಬಿಗಿಯ ಬಗ್ಗೆ ದೂರುವಂತೆಯೂ ಇಲ್ಲ.

ಬೊರಿವಲಿ ಬಾಗಿಲಿನಿಂದ ಆರೇಳು ಕಿಲೋಮೀಟರ್ ಒಳಗಿದೆ ಕಾನ್ಹೇರಿ ಗುಹೆಗಳ ಗುಡ್ಡ. ಚಾರಣದ ಸುತ್ತು ಶುರುವಾಗುವುದು ಇಲ್ಲಿಂದ. ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಿ, ಗುಡ್ಡದ ನೆತ್ತಿಯ ಮೇಲೆ ನಡೆದು, ಇನ್ನೊಂದು ಮಗ್ಗುಲಿನ ಕಾಡಿಗೆ ಇಳಿದು, ಹಳ್ಳದ ಪಕ್ಕದಿಂದ ರಸ್ತೆಗೆ ಮರಳುವ ದಾರಿ. ಎತ್ತರದ ಮಾತು ಬಂದರೆ ಮುಳ್ಳಯ್ಯನಗಿರಿ ಹತ್ತಿದವರು ನಕ್ಕಾರು. ಇಡೀ ಉದ್ಯಾನದಲ್ಲಿ ಐನೂರು ಮೀಟರ್ ಮುಟ್ಟುವ ಶಿಖರವೇ ಇಲ್ಲ. ಆದರೂ ಏಪ್ರಿಲ್ ಬಿಸಿಲಿನಲ್ಲಿ ಕಾದ ಈ ಬರಿಬಂಡೆ ಯಾರನ್ನೂ ಸುಲಭಕ್ಕೆ ಬಿಡುವುದಿಲ್ಲ.

ಮೆಟ್ಟಿಲ ದಾರಿಯುದ್ದಕ್ಕೂ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಬಹುಮಂದಿ ಮೂರನೇ ಗುಹೆಯ ಚೈತ್ಯ, ಅದರ ಮೊಗಸಾಲೆಯ ಎತ್ತರದ ಬುದ್ಧರನ್ನು ನೋಡಿ ಹಿಂದಿರುಗುತ್ತಾರೆ. ಮೇಲೆ ಹತ್ತುವವರು ನೋಡಬೇಕಾದದ್ದು ನೀರಿನ ಏರ್ಪಾಡನ್ನು. ಗುಹೆಯ ಮುಂದಿನ ಬಂಡೆಯ ಮೇಲೆ ಬೆರಳಗಲದ ಕಾಲುವೆಯೊಂದು ಹರಿದು ಚೌಕಾಕಾರದ ಬಾಯಿಗೆ ಸೇರುತ್ತದೆ. ಬಗ್ಗಿ ನೋಡಿದರೆ ಒಳಗೆ ಕಲ್ಲಿನ ತೊಟ್ಟಿ. ಹೆಚ್ಚಿನ ಗುಹೆಗಳ ಮಗ್ಗುಲಲ್ಲೂ ಇಂಥದೊಂದಿದೆ. ನಾಲ್ಕು ತಿಂಗಳು ಸುರಿದು ಎಂಟು ತಿಂಗಳು ಒಣಗುವ ಗುಡ್ಡದ ಮೇಲೆ ಸಾವಿರ ವರ್ಷ ಭಿಕ್ಷುಗಳು ಬಾಳಿದ್ದು ಈ ತೊಟ್ಟಿಗಳ ಬಲದಿಂದ.

ಕನ್ನಡಿಗರಿಗೆ ಇಲ್ಲಿ ಒಂದು ಹಳೆಯ ನಂಟೂ ಇದೆ. 9ನೇ ಶತಮಾನದ ಇಲ್ಲಿನ ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರು ತಮ್ಮ ಒಡೆಯನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ‘ಕವಿರಾಜಮಾರ್ಗ’ ಹುಟ್ಟಿದ್ದು ಯಾರ ಆಸ್ಥಾನದಲ್ಲೋ ಅದೇ ನೃಪತುಂಗ. ಶಾಸನದ ಭಾಷೆ ಸಂಸ್ಕೃತ. ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಉಪಾಸಕ ಭಿಕ್ಷುಗಳಿಗಾಗಿ ನೂರು ದ್ರಮ್ಮ ನಾಣ್ಯಗಳನ್ನು ಇಟ್ಟ ಲೆಕ್ಕ ಅವುಗಳಲ್ಲೊಂದರಲ್ಲಿದೆ.

ನೆತ್ತಿಯ ಮೇಲೆ ಗಾಳಿ ಜೋರು. ಕೆಳಗೆ ಎರಡು ಕೆರೆ: 1860ರಲ್ಲಿ ಮುಗಿದ ವಿಹಾರ್, 1879ರ ತುಳಸಿ. ಭಿಕ್ಷುಗಳು ತೊಟ್ಟಿಗಳಲ್ಲಿ ಮಾಡಿದ್ದನ್ನೇ ಬ್ರಿಟಿಷ್ ಇಂಜಿನಿಯರುಗಳು ಕಣಿವೆಗೆ ಅಡ್ಡಗಟ್ಟೆ ಹಾಕಿ ಮಾಡಿದರು. ತುಳಸಿಯ ನೀರು ದಹಿಸರ್ ನದಿಯಾಗಿ ಬೊರಿವಲಿಯತ್ತ ಹರಿದರೆ, ವಿಹಾರ್ ಕೋಡಿ ಬಿದ್ದ ನೀರು ಮೀಠಿ ನದಿಯ ಪಾಲು. ಪೂರ್ವಕ್ಕೆ, ಕಾಡು ಮುಗಿಯುವಲ್ಲಿ, ಭಾಂಡುಪ್–ಮುಲುಂಡ್ ಕಡೆಯ ಗೋಪುರಗಳ ಸಾಲು. ಗೋರೆಗಾಂವ್ ಫಿಲ್ಮ್ ಸಿಟಿಯಿಂದ ಅಲ್ಲಿನ ಖಿಂಡಿಪಾಡಾಕ್ಕೆ ಉದ್ಯಾನದ ಅಡಿಯಲ್ಲಿ 4.7 ಕಿಲೋಮೀಟರ್ ಉದ್ದದ ಜೋಡಿ ಸುರಂಗಕ್ಕೆ 2024ರ ಜುಲೈಯಲ್ಲಿ ಶಂಕುಸ್ಥಾಪನೆಯಾಯಿತು.

ಇಳಿಯುವ ದಾರಿಯ ಕಾಡೇ ಬೇರೆ. ತೇಗ, ಮುತ್ತುಗ, ಬೂರುಗ, ಬಿದಿರಿನ ಮೆಳೆ; ನೆರಳು ಬಂದ ಕೂಡಲೇ ಮಾತು ತಗ್ಗುತ್ತದೆ. ಚಿರತೆ ಕಾಣದಿದ್ದರೂ ಇದ್ದೇ ಇದೆ: 2015ರ ಕ್ಯಾಮೆರಾ ಗಣತಿಯಲ್ಲಿ ಉದ್ಯಾನ ಮತ್ತು ಸುತ್ತಮುತ್ತ ಸಿಕ್ಕದ್ದು 35. ಹಗಲಲ್ಲಿ ಅದು ಮನುಷ್ಯರಿಂದ ದೂರವೇ ಇರುತ್ತದೆ. ಸಂಜೆಗೆ ಮುಂಚೆ ಹೊರಬನ್ನಿ ಅನ್ನುವುದು ಸುಮ್ಮನೆ ಹೆದರಿಸುವ ಮಾತಲ್ಲ. ಗುಹೆಗಳ ಆಚೆಗಿನ ಕಾಡುದಾರಿಗೆ ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ದಾರಿ ಬಲ್ಲವರು ಬೇಕು. ಸೋಮವಾರ ಉದ್ಯಾನಕ್ಕೇ ರಜೆ. ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ, ಒಮ್ಮೆಗೇ ಏರುವ ಹಳ್ಳ ಎರಡನ್ನೂ ನಂಬಬಾರದು.

ಇಳಿಜಾರಿನ ತುಂಬ ಕಾರ್ವಿ ಗಿಡ. ಒರಟು ಎಲೆಯ, ಆಳೆತ್ತರದ ಪೊದೆ. ವಾರ್ಲಿ ಆದಿವಾಸಿಗಳು ಇದರ ಕಡ್ಡಿಗಳನ್ನು ಒತ್ತಾಗಿ ನೆಟ್ಟು, ಮೇಲೆ ಮಣ್ಣು–ಸೆಗಣಿ ಮೆತ್ತಿ ಗೋಡೆ ಎಬ್ಬಿಸುತ್ತಾರೆ. ಎಂಟು ವರ್ಷಕ್ಕೊಮ್ಮೆ ಇಡೀ ಇಳಿಜಾರು ಒಟ್ಟಿಗೇ ನೇರಳೆ ಹೂ ಬಿಟ್ಟು, ಬೀಜ ಕಟ್ಟಿ, ಒಟ್ಟಿಗೇ ಸಾಯುತ್ತದೆ. 2008, 2016, 2024ರಲ್ಲಿ ಹೂ ಬಂತು. ಈಗ ಅಲ್ಲಿಗೆ ಹೋದವರಿಗೆ ಕಾಣುವುದು ಒಣಗಿದ ಹಳೆಯ ಕಡ್ಡಿಗಳು, ಅವುಗಳ ಬುಡದಲ್ಲಿ ಮೇಲೇಳುತ್ತಿರುವ ಎಳೆಯ ಸಸಿಗಳು. ಹೂವನ್ನೇ ನೋಡಬೇಕೆಂದರೆ 2032ರ ಮಳೆಗಾಲಕ್ಕೆ ಕಾಯಬೇಕು.