ಆಫ್ರಿಕಾದ ಆರೋಗ್ಯ ಫೆಲೋಶಿಪ್‌ಗಳು: ಕೇಳಿದ್ದೆಷ್ಟು, ನಿಜವೆಷ್ಟು

ಆಫ್ರಿಕಾದ ಯುವ ಸಂಶೋಧಕರೊಬ್ಬರಿಗೆ ಸಾರ್ವಜನಿಕ ಆರೋಗ್ಯದಲ್ಲಿ ಫೆಲೋಶಿಪ್ ಸಿಕ್ಕಿತು ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಲಂಡನ್ನಿಗೋ ಬಾಸ್ಟನ್ನಿಗೋ ವಿಮಾನ ಹತ್ತಿದ ವೈದ್ಯ, ಹಿಂದೆ ಬಣಗುಡುವ ಆಸ್ಪತ್ರೆ. ಈ ಆತಂಕಕ್ಕೆ ಕಾರಣವಿಲ್ಲದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದಂತೆ, ಅದರ ಆಫ್ರಿಕಾ ವಲಯದ ಮೇಲೆ ಜಗತ್ತಿನ ರೋಗಭಾರದ ಶೇ 24ರಷ್ಟು ಬಿದ್ದಿತ್ತು. ಅಲ್ಲಿದ್ದದ್ದು ಜಗತ್ತಿನ ಆರೋಗ್ಯ ಸಿಬ್ಬಂದಿಯ ಶೇ 3 ಮಾತ್ರ. ಇಷ್ಟು ಕೊರತೆಯಿರುವ ಕಡೆಯಿಂದ ಒಬ್ಬ ಹೊರಟುಹೋದರೂ ನಷ್ಟವೇ. ಆದರೆ ಈ ಒಂದು ಭಯವನ್ನೇ ಹಿಡಿದುಕೊಂಡು ಇಡೀ ಫೆಲೋಶಿಪ್ ವ್ಯವಸ್ಥೆಯನ್ನು ಅಳೆಯುವುದು ಅನ್ಯಾಯ. ಕಳೆದ ಎರಡು ದಶಕಗಳಲ್ಲಿ ಅಲ್ಲಿ ಕಟ್ಟಿರುವುದೇ ಬೇರೆ.

‘ಫೆಲೋಶಿಪ್ ಎಂದರೆ ಪರದೇಶದ ಟಿಕೆಟ್’

ಕಾರ್ಟಾ ಎಂಬ ಒಕ್ಕೂಟವನ್ನು ನೋಡಿ. 2008ರಲ್ಲಿ ಆರಂಭವಾದ ಇದನ್ನು ನಡೆಸುವುದು ನೈರೋಬಿಯ ಆಫ್ರಿಕನ್ ಜನಸಂಖ್ಯೆ ಮತ್ತು ಆರೋಗ್ಯ ಸಂಶೋಧನಾ ಕೇಂದ್ರ ಮತ್ತು ಜೊಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯ. ಉಗಾಂಡದ ಮಕೆರೆರೆ, ನೈಜೀರಿಯಾದ ಇಬಾದಾನ್ ಮತ್ತು ಒಬಾಫೆಮಿ ಅವೊಲೊವೊ, ಕೀನ್ಯಾದ ಮೋಯ್, ಜೊತೆಗೆ ಮಲಾವಿ, ರುವಾಂಡಗಳ ವಿಶ್ವವಿದ್ಯಾಲಯಗಳು ಇದರಲ್ಲಿವೆ. ಫೆಲೋಶಿಪ್ ಸಿಗುವುದು ಈ ಸಂಸ್ಥೆಗಳಲ್ಲಿ ಆಗಲೇ ಕೆಲಸದಲ್ಲಿರುವ ಅಧ್ಯಾಪಕರಿಗೆ, ಸಂಶೋಧಕರಿಗೆ. ಅವರು ಪಿಎಚ್‌.ಡಿ.ಗೆ ನೋಂದಾಯಿಸಿಕೊಳ್ಳುವುದು ಆಫ್ರಿಕಾದ ವಿಶ್ವವಿದ್ಯಾಲಯದಲ್ಲೇ. ಅಧ್ಯಯನದ ವಿಷಯ ತಮ್ಮ ನೆಲದ್ದೇ; ಮಾರ್ಗದರ್ಶಕರೂ ಬಹುಮಟ್ಟಿಗೆ ಅಲ್ಲಿಯವರೇ.

ಇಲ್ಲಿ ಓಡಾಟವೂ ಇದೆ, ಆದರೆ ಖಂಡದೊಳಗೆ. ಪಿಎಚ್‌.ಡಿ. ಅವಧಿಯಲ್ಲಿ ನಾಲ್ಕು ಬಾರಿ ಎಲ್ಲ ದೇಶದ ಫೆಲೋಗಳೂ ಒಂದೆಡೆ ಸೇರಿ ಕೆಲವು ವಾರ ಜೊತೆಯಲ್ಲೇ ಇದ್ದು ಕಲಿಯುತ್ತಾರೆ. ಮೊದಲ ಬಾರಿ, ಸಂಶೋಧನೆಯ ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದು. ಎರಡನೆಯದರಲ್ಲಿ ವಿಧಾನ, ಮಾಹಿತಿ ಸಂಗ್ರಹ. ಮೂರನೆಯದರಲ್ಲಿ ವಿಶ್ಲೇಷಣೆ, ಬರವಣಿಗೆ. ಕೊನೆಯದು ಪದವಿಯ ನಂತರದ ದಾರಿಯ ಬಗ್ಗೆ: ಅನುದಾನಕ್ಕೆ ಅರ್ಜಿ ಬರೆಯುವುದು, ತನ್ನದೇ ತಂಡ ಕಟ್ಟುವುದು. ಕಿಗಾಲಿಯ ದಾದಿ ಮತ್ತು ಇಬಾದಾನ್‌ನ ಅಂಕಿಅಂಶ ತಜ್ಞ ಒಂದೇ ಮೇಜಿಗೆ ಕೂತು ಪರಸ್ಪರರ ಪ್ರಸ್ತಾವನೆಯನ್ನು ತಿದ್ದುವ ಅವಕಾಶ ಇಂಥ ಕಡೆ ಸಿಗುತ್ತದೆ. ಲಂಡನ್ನಿನಲ್ಲಿ ಒಬ್ಬೊಬ್ಬರೇ ಓದಿ ಬಂದವರಿಗೆ ಇಂಥ ನಂಟು ಸುಲಭಕ್ಕೆ ಸಿಗುವುದಿಲ್ಲ.

ನೈರೋಬಿಯ ಆ ಕೇಂದ್ರದ ಹುಟ್ಟೇ ಈ ತಪ್ಪು ಕಲ್ಪನೆಗೆ ಉತ್ತರ. 1995ರಲ್ಲಿ ಅದೊಂದು ಸಂಸ್ಥೆಯಾಗಿರಲಿಲ್ಲ. ಅಮೆರಿಕದ ಪಾಪ್ಯುಲೇಶನ್ ಕೌನ್ಸಿಲ್‌ನ ಒಂದು ಫೆಲೋಶಿಪ್ ಕಾರ್ಯಕ್ರಮವಾಗಿತ್ತು. 2001ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಬಳಿಕ ನೈರೋಬಿಯ ಕೊರೊಗೊಚೊ, ವಿವಾಂದಾನಿ ಎಂಬ ಎರಡು ಕೊಳೆಗೇರಿಗಳಲ್ಲಿ ಮನೆಮನೆಯ ಆರೋಗ್ಯ ದಾಖಲೆ ಇಡತೊಡಗಿತು. ಕಾರ್ಯಕರ್ತರು ಮತ್ತೆಮತ್ತೆ ಅದೇ ತಗಡಿನ ಮನೆಗಳಿಗೆ ಹೋಗಿ ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರು ಬಂದರು, ಯಾರು ಬಿಟ್ಟುಹೋದರು ಎಂದು ಬರೆದುಕೊಂಡರು. ವೈದ್ಯರ ಪ್ರಮಾಣಪತ್ರವಿಲ್ಲದ ಸಾವಾದರೆ, ಕೊನೆಯ ದಿನಗಳಲ್ಲಿ ಜ್ವರವಿತ್ತೇ, ಕೆಮ್ಮಿತ್ತೇ ಎಂದು ಮನೆಯವರನ್ನು ವಿಚಾರಿಸಿ ಕಾರಣವನ್ನು ಊಹಿಸುವುದೂ ಈ ಕೆಲಸದ ಭಾಗ. ಸರ್ಕಾರಿ ಕಡತಗಳಲ್ಲಿ ಹೆಸರೇ ಇಲ್ಲದ ಜನರ ಬದುಕು ಹೀಗೆ ಲೆಕ್ಕಕ್ಕೆ ಸಿಕ್ಕಿತು.

‘ಹೋದವರು ಮರಳುವುದಿಲ್ಲ’

ಮರಳದವರಿದ್ದಾರೆ. ಆದರೆ ಮರಳಿದವರ ಕಥೆ ನಮ್ಮ ಕಿವಿಗೆ ಬೀಳುವುದು ಕಡಿಮೆ. ಕಾಂಗೋದ ಜಾನ್-ಜಾಕ್ ಮುಯೆಂಬೆ ಬೆಲ್ಜಿಯಂನ ಲ್ಯುವೆನ್‌ನಲ್ಲಿ ವೈರಾಣು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಊರಿಗೆ ವಾಪಸಾದವರು. 1976ರಲ್ಲಿ ಯಾಂಬುಕು ಎಂಬ ಹಳ್ಳಿಯಲ್ಲಿ ಏನೆಂದೇ ತಿಳಿಯದ ಕಾಯಿಲೆಯಿಂದ ಜನ ಸಾಯುತ್ತಿದ್ದಾಗ ಅಲ್ಲಿಗೆ ಹೋಗಿ ಬರಿಗೈಯಲ್ಲೇ ರೋಗಿಗಳ ರಕ್ತದ ಮಾದರಿ ತೆಗೆದರು. ಅದು ಎಬೋಲಾ. ಸೋಂಕು ಅವರಿಗೆ ತಗುಲದೆ ಉಳಿದದ್ದು ದೊಡ್ಡ ಅದೃಷ್ಟ. ಆಮೇಲೂ ದಶಕಗಳ ಕಾಲ ಕಿನ್ಶಾಸಾದಲ್ಲೇ ಇದ್ದು ಅದೇ ರೋಗದ ಬೆನ್ನು ಹತ್ತಿದರು. 1995ರಲ್ಲಿ ಕಿಕ್ವಿಟ್‌ನ ಹಾವಳಿಯಿಂದ ಬದುಕಿ ಉಳಿದವರೊಬ್ಬರ ರಕ್ತದಿಂದ ಹೊರಟ ಪ್ರತಿಕಾಯವೇ ಮುಂದೆ ಎಬೋಲಾಗೆ ಔಷಧವಾಯಿತು. 2020ರಲ್ಲಿ ಅದಕ್ಕೆ ಅಮೆರಿಕದ ಅನುಮೋದನೆಯೂ ಸಿಕ್ಕಿತು.

ಕ್ಯಾಮರೂನ್ ಮೂಲದ ಕ್ರಿಶ್ಚಿಯನ್ ಹ್ಯಾಪಿ ಇಬಾದಾನ್‌ನಲ್ಲಿ ಪಿಎಚ್‌.ಡಿ. ಮುಗಿಸಿ ಹಾರ್ವರ್ಡ್‌ಗೆ ಹೋದರು, ನೈಜೀರಿಯಾಕ್ಕೆ ವಾಪಸು ಬಂದರು. ಈಡೆ ಪಟ್ಟಣದ ರಿಡೀಮರ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ಜೀನೋಮ್ ಕೇಂದ್ರ, 2020ರ ಮಾರ್ಚ್‌ನಲ್ಲಿ ಆಫ್ರಿಕಾದ ಮೊದಲ ಕೊರೊನಾ ವೈರಾಣುವಿನ ತಳಿ ವಿನ್ಯಾಸವನ್ನು ಓದಿ ಜಗತ್ತಿನ ಮುಂದಿಟ್ಟಿತು.

ಇಬ್ಬರ ಬದುಕಿನಲ್ಲೂ ಒಂದು ವಿಷಯ ಸಾಮಾನ್ಯ: ಬಂದು ಕೆಲಸ ಮಾಡಲು ಅವರಿಗೊಂದು ನೆಲೆಯಿತ್ತು, ಇಲ್ಲವೇ ಅದನ್ನು ಅವರೇ ಕಟ್ಟಿಕೊಂಡರು. ಪಿಎಚ್‌.ಡಿ. ಮುಗಿಸಿ ಬಂದವರಿಗೆ ಫ್ರೀಜರ್‌ಗೆ ಕರೆಂಟ್ ಇಲ್ಲ, ರಾಸಾಯನಿಕ ತರಿಸಲು ದುಡ್ಡಿಲ್ಲ, ವಾರಕ್ಕೆ ಹತ್ತಾರು ತರಗತಿಗಳ ಹೊರೆ ಎಂದಾದರೆ ಅವರು ಹೊರಡಲು ದೇಶಪ್ರೇಮದ ಕೊರತೆಯೇ ಬೇಕಿಲ್ಲ. ಆದ್ದರಿಂದಲೇ ಪದವಿಯ ನಂತರ ಊರಲ್ಲಿ ಸ್ವಂತ ಸಂಶೋಧನೆ ಆರಂಭಿಸಲು ಕೊಡುವ ಮರುಪ್ರವೇಶ ಅನುದಾನಗಳು ಹುಟ್ಟಿಕೊಂಡವು. ನನ್ನ ಮಟ್ಟಿಗೆ, ಶಿಷ್ಯವೇತನಕ್ಕಿಂತ ದೊಡ್ಡದು ಈ ಅನುದಾನವೇ.

‘ಇದು ವೈದ್ಯರಿಗೆ ಮಾತ್ರ, ಅದೂ ಪುಸ್ತಕದ ಓದು’

2014ರ ಜುಲೈ 20ರಂದು ಲೈಬೀರಿಯಾದಿಂದ ಬಂದ ಪ್ರಯಾಣಿಕರೊಬ್ಬರು ನೈಜೀರಿಯಾದ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದುಬಿದ್ದರು. ಎಬೋಲಾ. ಕೋಟಿ ಮೀರಿದ ಜನರಿರುವ, ಬಸ್ಸು-ಮಾರುಕಟ್ಟೆಗಳಲ್ಲಿ ಮೈಗೆ ಮೈ ತಾಗುವ ನಗರ. ಅಲ್ಲಿ ಅದು ಹರಡಿದರೆ ಮುಂದೇನು ಎಂದು ಜಗತ್ತು ಉಸಿರು ಬಿಗಿಹಿಡಿದಿತ್ತು. ರೋಗಿಯನ್ನು ಬಿಡುಗಡೆ ಮಾಡಿ ಎಂಬ ಒತ್ತಡಕ್ಕೆ ಮಣಿಯದೆ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡ ಡಾ. ಅಮೆಯೊ ಅಡಡೆವೊ ಅವರಿಗೂ ಸೋಂಕು ತಗುಲಿತು. ಆಗಸ್ಟ್ 19ರಂದು ಅವರು ತೀರಿಕೊಂಡರು.

ಆಸ್ಪತ್ರೆಯ ಹೊರಗೆ ನಡೆದದ್ದು ಬೇರೊಂದು ಕೆಲಸ. ಸೋಂಕಿತರ ಹತ್ತಿರ ಬಂದ 894 ಜನರನ್ನು ಪತ್ತೆ ಮಾಡಿ, ಪ್ರತಿಯೊಬ್ಬರ ಮೇಲೂ 21 ದಿನ ನಿಗಾ ಇಡಬೇಕಿತ್ತು. ಬಾಗಿಲು ತಟ್ಟು, ಜ್ವರ ನೋಡು, ಬರೆದುಕೊ, ನಾಳೆ ಮತ್ತೆ ಬಾ. ಬಾಗಿಲು ತೆರೆಯದವರಿದ್ದರು, ಹೆದರಿದವರಿದ್ದರು, ಲಾಗೋಸ್‌ನಿಂದ ಪೋರ್ಟ್ ಹಾರ್ಕೋರ್ಟ್‌ಗೆ ಹೋಗಿಬಿಟ್ಟವರೂ ಇದ್ದರು. ಒಟ್ಟು ಸುಮಾರು 18,500 ಬಾರಿ ಮುಖಾಮುಖಿ ಭೇಟಿ ನಡೆಯಿತು. ಈ ಪಡೆಗೆ ಬೆನ್ನೆಲುಬಾದವರಲ್ಲಿ ನೈಜೀರಿಯಾದ ಕ್ಷೇತ್ರ ಸಾಂಕ್ರಾಮಿಕ ರೋಗ ಮತ್ತು ಪ್ರಯೋಗಾಲಯ ತರಬೇತಿಯ ಫೆಲೋಗಳೂ ಇದ್ದರು. 2008ರಲ್ಲಿ ಆರಂಭವಾದ ಆ ಎರಡು ವರ್ಷದ ತರಬೇತಿಯಲ್ಲಿ ಹೆಚ್ಚಿನ ಸಮಯ ಕಳೆಯುವುದು ತರಗತಿಯಲ್ಲಲ್ಲ, ಹಾವಳಿ ನಡೆಯುವ ಊರುಗಳಲ್ಲಿ. ವೈದ್ಯರ ಜೊತೆಗೆ ಪಶುವೈದ್ಯರನ್ನೂ ಪ್ರಯೋಗಾಲಯ ತಜ್ಞರನ್ನೂ ಸೇರಿಸಿಕೊಂಡೇ ಅದನ್ನು ರೂಪಿಸಲಾಗಿದೆ. ಲಾಸ್ಸಾ ಜ್ವರ ಇಲಿಯಿಂದ, ರೇಬಿಸ್ ನಾಯಿಯಿಂದ ಬರುವಾಗ ಪಶುವೈದ್ಯರನ್ನು ಹೊರಗಿಟ್ಟು ತಂಡ ಕಟ್ಟುವುದು ಹೇಗೆ?

ನೈಜೀರಿಯಾದಲ್ಲಿ ಕೊನೆಗೆ 20 ಪ್ರಕರಣ, 8 ಸಾವು. ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ಆ ದೇಶವನ್ನು ಎಬೋಲಾ ಮುಕ್ತ ಎಂದು ಘೋಷಿಸಿತು. ಅದೇ ಹಾವಳಿಯಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳು 11 ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡವು.

ಇದೇ ಮಾದರಿಯ ಕ್ಷೇತ್ರ ತರಬೇತಿ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ವಿಜ್ಞಾನ ಸಂಸ್ಥೆಯಲ್ಲೂ ನಡೆಯುತ್ತಿದೆ. ಸಿ.ವಿ. ರಾಮನ್ ಹೆಸರಿನ ಫೆಲೋಶಿಪ್ ಮೂಲಕ ಆಫ್ರಿಕಾದ ಸಂಶೋಧಕರು ಭಾರತದ ಪ್ರಯೋಗಾಲಯಗಳಿಗೆ ಬಂದು ಕೆಲಸ ಮಾಡಿದ್ದಾರೆ. ನಾವು ಈ ಕಥೆಯ ಹೊರಗಿನವರಲ್ಲ.

‘ಹಣ ಪಶ್ಚಿಮದ್ದು, ಆದ್ದರಿಂದ ವಿಷಯವೂ ಅವರದ್ದೇ’

ಇದು ಅರ್ಧ ನಿಜ, ಅದಕ್ಕೇ ಹೆಚ್ಚು ಎಚ್ಚರ ಬೇಕು. ಆಫ್ರಿಕಾದ ಮಾದರಿಗಳು ಹೊರಗೆ ಹೋಗಿ, ಪ್ರಬಂಧದಲ್ಲಿ ಮೊದಲ ಹೆಸರು ಹೊರಗಿನವರದ್ದಾದ ಕಾಲ ದೂರದ್ದೇನಲ್ಲ. ಯಾಂಬುಕುವಿನ ರಕ್ತದ ಮಾದರಿಯೂ ಬೆಲ್ಜಿಯಂನ ಆಂಟ್ವೆರ್ಪ್‌ಗೆ ಹೋಯಿತು. ಎಬೋಲಾದ ಶೋಧದಲ್ಲಿ ಮುಯೆಂಬೆ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು. ಇದನ್ನು ತಿದ್ದಲು 2015ರಲ್ಲಿ ಡೆಲ್ಟಾಸ್ ಆಫ್ರಿಕಾ ಎಂಬ ಸಂಶೋಧನಾ ತರಬೇತಿ ಯೋಜನೆ ಬಂತು. ಹಣ ಬ್ರಿಟನ್ನಿನ ವೆಲ್‌ಕಮ್ ಪ್ರತಿಷ್ಠಾನ ಮತ್ತು ಅಲ್ಲಿನ ಸರ್ಕಾರದ್ದು. ಆದರೆ ಕಾರ್ಯಕ್ರಮಗಳ ಮುಖ್ಯಸ್ಥರು ಆಫ್ರಿಕಾದ ವಿಜ್ಞಾನಿಗಳು, ನಿರ್ವಹಣೆ ನೈರೋಬಿಗೆ ವರ್ಗವಾಯಿತು. ಪ್ರಶ್ನೆ ಯಾವುದು ಎಂದು ಹೇಳುವ ಅಧಿಕಾರ ಹೀಗೆ ನಿಧಾನವಾಗಿ ಕೈ ಬದಲಿಸಿದೆ.

ಹಣದ ಥೈಲಿ ಮಾತ್ರ ಕೈ ಬದಲಿಸಿಲ್ಲ. 2025ರಲ್ಲಿ ಅಮೆರಿಕ ವಿದೇಶಿ ನೆರವಿನ ತನ್ನ ಯುಎಸ್‌ಏಡ್ ಸಂಸ್ಥೆಯನ್ನು ಮುಚ್ಚಿತು, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ವಿದೇಶಿ ಸಹಭಾಗಿಗಳಿಗೆ ಉಪ-ಅನುದಾನ ಕೊಡುತ್ತಿದ್ದ ಪದ್ಧತಿಯನ್ನು ನಿಲ್ಲಿಸಿತು. ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬಿದ್ದರೆ ಆಫ್ರಿಕಾದ ಪ್ರಯೋಗಾಲಯದಲ್ಲಿ ಅರ್ಧಕ್ಕೆ ನಿಂತ ಅಧ್ಯಯನವನ್ನು ಮುಗಿಸುವವರಾರು? ಈ ಪ್ರಶ್ನೆಯ ಉತ್ತರ ದಾನಿಗಳ ಬಳಿಯಿಲ್ಲ. ಆಫ್ರಿಕಾದ ಸರ್ಕಾರಗಳು 2001ರಲ್ಲಿ ಅಬುಜಾದಲ್ಲಿ ಬಜೆಟ್ಟಿನ ಶೇ 15ರಷ್ಟನ್ನು ಆರೋಗ್ಯಕ್ಕೆ ಇಡುವುದಾಗಿ ಮಾತು ಕೊಟ್ಟವು. 2006ರಲ್ಲಿ ಜಿಡಿಪಿಯ ಶೇ 1ರಷ್ಟನ್ನು ಸಂಶೋಧನೆಗೆ ಎಂದವು. ಬಹುಪಾಲು ದೇಶಗಳು ಎರಡೂ ಮಾತುಗಳನ್ನು ಇನ್ನೂ ಉಳಿಸಿಕೊಂಡಿಲ್ಲ.