ದಂಡಿನ ದೊರೆ ಯಾರು?

ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿಗೆ ಆ ಹೆಸರು ಬಂದದ್ದು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸರಿಂದ. 1909ರಲ್ಲಿ ಮಿಥಿಕ್ ಸೊಸೈಟಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆದರೆ ಮೈಸೂರು ಅರಸರ ನೆಲದಲ್ಲಿ ಅರಸರು ನೇಮಿಸದ ಕಲೆಕ್ಟರೊಬ್ಬರು ಇದ್ದುದಾದರೂ ಹೇಗೆ?

1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ, 1809ರಿಂದ ಹಲಸೂರಿನ ಬಳಿ ಬೆಳೆದುಬಂದಿದ್ದ ದಂಡಿನ ಪ್ರದೇಶವನ್ನು ಆಂಗ್ಲರು ತಮ್ಮ ಕೈಯಲ್ಲೇ ಇರಿಸಿಕೊಂಡರು. ನೆಲದ ಒಡೆತನ ಮಹಾರಾಜರದು. ಕಾಯಿದೆ, ನ್ಯಾಯಸ್ಥಾನ, ಪೊಲೀಸು ಎಲ್ಲವೂ ರೆಸಿಡೆಂಟರ ಕೈಕೆಳಗಿನವು. ಅತ್ತ ಬ್ರಿಟಿಷ್ ಇಂಡಿಯವೂ ಅಲ್ಲ, ಇತ್ತ ಮೈಸೂರಿನ ಆಡಳಿತಕ್ಕೆ ಒಳಪಟ್ಟುದೂ ಅಲ್ಲ.

ಇಂಥ ಒಗಟುಗಳಿಗೆ ಶಾಸ್ತ್ರದ ಉಡುಪು ತೊಡಿಸಿದ ವಿದ್ವಾಂಸರು ವಿಲಿಯಂ ಲೀ-ವಾರ್ನರ್. ಸಂಸ್ಥಾನಗಳ ಒಡಂಬಡಿಕೆಗಳನ್ನು ಪರಿಶೀಲಿಸಿ 1894ರಲ್ಲಿ ‘ದಿ ಪ್ರೊಟೆಕ್ಟೆಡ್ ಪ್ರಿನ್ಸಸ್ ಆಫ್ ಇಂಡಿಯ’ ಎಂಬ ಗ್ರಂಥವನ್ನು ಬರೆದರು; ಮರುವರ್ಷ ಕೆಲಕಾಲ ಮೈಸೂರಿನ ರೆಸಿಡೆಂಟರೂ ಆದರು. ಗೊತ್ತಾದ ಎಲ್ಲೆಯುಳ್ಳ ಜನಸಮುದಾಯ, ಅದಕ್ಕೊಬ್ಬ ದೊರೆ, ಆ ದೊರೆಯ ಒಳಾಡಳಿತದ ಅಧಿಕಾರಕ್ಕೆ ಬ್ರಿಟಿಷ್ ಸರಕಾರದ ಮನ್ನಣೆ: ಇಷ್ಟು ಕೂಡಿದರೆ ದೇಶೀಯ ಸಂಸ್ಥಾನ ಎಂಬುದು ಅವರ ಲಕ್ಷಣದ ತಿರುಳು. ಮರ್ಮವೆಲ್ಲ ಆ ಕೊನೆಯ ಮಾತಿನಲ್ಲಿದೆ. ಫ್ರಾನ್ಸೋ ತುರ್ಕಿಯೋ ಮನ್ನಿಸಿದರೆ ಅದು ಲೆಕ್ಕಕ್ಕಿಲ್ಲ. ಟಿಪ್ಪು ಸುಲ್ತಾನನು ಆ ಎರಡೂ ದೇಶಗಳಿಗೆ ರಾಯಭಾರಿಗಳನ್ನು ಕಳುಹಿಸಿದ ಕಾಲ ಆಗಲೇ ಹಿಂದಾಗಿತ್ತು. 1891ರಲ್ಲಿ, ಮಣಿಪುರದ ದಂಗೆಯ ಅನಂತರ, ಸಾಮ್ರಾಜ್ಞಿಗೂ ಸಂಸ್ಥಾನಗಳಿಗೂ ಇರುವ ಸಂಬಂಧಕ್ಕೆ ಅಂತರರಾಷ್ಟ್ರೀಯ ನ್ಯಾಯದ ಸೂತ್ರಗಳು ಅನ್ವಯಿಸವೆಂದು ಸರಕಾರವೇ ಸಾರಿತು. ವಾದಿಯೂ ಅವರೇ, ನ್ಯಾಯಾಧೀಶರೂ ಅವರೇ! ಲೀ-ವಾರ್ನರರ ಪಾಂಡಿತ್ಯ ಅಲ್ಪವಾದುದಲ್ಲ. ಆದರೆ ಅದು ರೆಸಿಡೆನ್ಸಿಯ ಕಿಟಕಿಯಿಂದ ಲೋಕವನ್ನು ಕಂಡ ಪಾಂಡಿತ್ಯ.

ಆದರೂ ಕಾಗದದ ಮೇಲಣ ಒಡೆತನ ಬರಿದೇ ಆಗಿರಲಿಲ್ಲ. ನಿಜಾಮರು ರೈಲುದಾರಿಯ ಮೇಲಣ ಅಧಿಕಾರವನ್ನು ಆಂಗ್ಲರಿಗೆ ಬಿಟ್ಟುಕೊಟ್ಟಿದ್ದರು. ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಅಲ್ಲಿಯ ನಿಲ್ದಾಣವೊಂದರಲ್ಲಿ ಒಬ್ಬನನ್ನು ಹಿಡಿದಾಗ, ಕೊಟ್ಟ ಅಧಿಕಾರ ರೈಲ್ವೆಯ ವಿಷಯಕ್ಕಷ್ಟೇ ಸಲ್ಲುವುದು, ನೆಲ ನಿಜಾಮರದೇ, ಆದುದರಿಂದ ಆ ಬಂಧನ ನ್ಯಾಯಸಮ್ಮತವಲ್ಲವೆಂದು ಲಂಡನ್ನಿನ ಪ್ರಿವಿ ಕೌನ್ಸಿಲು 1897ರಲ್ಲಿ ತೀರ್ಪಿತ್ತಿತು. ಒಡಂಬಡಿಕೆಯ ಒಂದೊಂದು ಅಕ್ಷರಕ್ಕೂ ದಿವಾನರುಗಳು ಹೋರಾಡುತ್ತಿದ್ದುದರ ಕಾರಣ ಇಲ್ಲಿ ತಿಳಿಯುತ್ತದೆ.

ಮೈಸೂರಿಗೂ ಅಕ್ಷರದ ಗೆಲುವೊಂದು ದೊರೆಯಿತು. 1881ರ ಹಸ್ತಾಂತರ ಪತ್ರವು ಮೇಲಿನವರು ಅನುಗ್ರಹಿಸಿದ ಪತ್ರವಾಗಿತ್ತು. 1913ರಲ್ಲಿ ಅದರ ಸ್ಥಾನದಲ್ಲಿ ಒಡಂಬಡಿಕೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸ್ಥಾನಮಾನ ಏರಿತು, ದಂಡು ಮಾತ್ರ ಹಿಂದಿರುಗಲಿಲ್ಲ. ಅದು ಮೈಸೂರಿನ ಕೈಸೇರಿದ್ದು 1947ರ ಜುಲೈಯಲ್ಲಿ, ಮನ್ನಣೆ ಕೊಡುತ್ತಿದ್ದವರು ಹೊರಡಲು ಕೆಲವೇ ವಾರಗಳು ಉಳಿದಿದ್ದಾಗ. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿಗೆ ಸೇರಿದುವು.