‘ಅದಕ್ಕೂ ಮೊದಲು ಯಾವೂರು?’: ತಿಕೋಟಾದ ಚಾದ ಅಂಗಡಿಯಿಂದ ಸಿದ್ದಿಗಳ ಡಿಎನ್‌ಎವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಮಾತು ತಿಕೋಟಾದ ಒಂದು ಚಾದ ಅಂಗಡಿಯಿಂದ ಶುರು ಮಾಡ್ತೀನಿ.

ಕಳೆದ ಚಳಿಗಾಲ. ನಾನು ಮತ್ತು ನನ್ನ ರೂಮ್‌ಮೇಟ್ ವಿಜಯಪುರದಿಂದ ಬೈಕ್ ಮೇಲೆ ಹೊರಟಿದ್ವಿ. ತಿಕೋಟಾದಲ್ಲಿ ದ್ರಾಕ್ಷಿ ತೋಟ ನೋಡೋದು, ಮಧ್ಯಾಹ್ನ ಬಬಲೇಶ್ವರದಲ್ಲಿ ನಮ್ಮ ಆಯಿಯ ಮನೆಯಲ್ಲಿ ಊಟ. ಇಷ್ಟೇ ಪ್ಲಾನ್. ತಿಕೋಟಾದಲ್ಲಿ ಚಾ ಕುಡಿಯೋಕೆ ನಿಂತಾಗ ಅಂಗಡಿಯವರು ನನ್ನ ಕಡೆ ಬಗ್ಗಿ, ದನಿ ಸಣ್ಣ ಮಾಡಿ ಕೇಳಿದ್ರು: “ಇವ್ರು ಯಾವ ದೇಶದವ್ರೀ? ಸಕ್ಕರಿ ಹಾಕಿದ್ರ ನಡೀತದೇನು, ಕೇಳ್ರಿ.”

ನಾನು ಬಾಯಿ ತೆಗೆಯೋ ಮೊದಲೇ ಗೆಳೆಯ ಹೇಳಿದ: “ನಡೀತದೆ ಅಣ್ಣಾ. ನಾನು ಯಲ್ಲಾಪುರದವ.”

ಅಂಗಡಿಯವರು ನಾಚಿಕೊಂಡ್ರು. “ತಪ್ಪು ತಿಳೀಬ್ಯಾಡ್ರಿ” ಅಂದ್ರು. ಎಲ್ಲರೂ ನಕ್ಕರು, ಗೆಳೆಯನೂ ನಕ್ಕ. ಆದರೆ ಬೈಕ್ ಹತ್ತಿದ ಮೇಲೆ ಹಿಂದಿನಿಂದ ಅವನ ಮಾತು ಬಂತು: “ನೀನು ಬಬಲೇಶ್ವರ ಅಂದ್ರೆ ಅಲ್ಲಿಗೆ ಮುಗೀತದೆ. ನಾನು ಯಲ್ಲಾಪುರ ಅಂದ್ರೆ ಮುಗಿಯೋದಿಲ್ಲ. ‘ಅದಲ್ಲ, ಅದಕ್ಕೂ ಮೊದಲು ಯಾವೂರು?’ ಅಂತ ಕೇಳ್ತಾರೆ.”

ಗೆಳೆಯ ಸಿದ್ದಿ ಸಮುದಾಯದವನು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಊರುಗಳಲ್ಲಿ, ಹಾಗೆಯೇ ಧಾರವಾಡ, ಬೆಳಗಾವಿ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಇರುವ, ಆಫ್ರಿಕಾ ಮೂಲದ ಕನ್ನಡಿಗರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ‘ಅದಕ್ಕೂ ಮೊದಲು’ ಅನ್ನೋ ಪ್ರಶ್ನೆಗೆ ವಿಜ್ಞಾನದ ಹತ್ತಿರ ಏನು ಉತ್ತರ ಇದೆ, ಆ ಉತ್ತರ ಎಲ್ಲಿ ನಿಲ್ಲುತ್ತದೆ ಅನ್ನೋದು ಇವತ್ತಿನ ವಿಷಯ.

ನಮ್ಮೂರಿನ ಹಬ್ಶಿಗಳು

ಮೊದಲು ನಮ್ಮ ವಿಜಯಪುರದ ಕಥೆ. ಗೋಳಗುಮ್ಮಟ ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಪ್ರಧಾನಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸುಲ್ತಾನನ ಜೊತೆ ಒಂದೇ ಆನೆ ಮೇಲೆ ಅವನು ಕೂತಿರುವ 17ನೇ ಶತಮಾನದ ಚಿತ್ರ ಇವತ್ತಿಗೂ ಉಳಿದಿದೆ.

ಅವನೊಬ್ಬನೇ ಅಲ್ಲ. 1580ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ. ಆ ದಶಕದ ಬಹುಭಾಗ ಆಡಳಿತ ನಡೆಸಿದವನು ದಿಲಾವರ್ ಖಾನ್ ಎಂಬ ಹಬ್ಶಿ. 1660ರಲ್ಲಿ ಪನ್ಹಾಳ ಕೋಟೆಯಲ್ಲಿದ್ದ ಶಿವಾಜಿಗೆ ಮುತ್ತಿಗೆ ಹಾಕಿದ ವಿಜಯಪುರದ ಸೇನಾಪತಿ ಸಿದ್ದಿ ಜೌಹರ್. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದುಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲು ರಾಜ್ಯದ ಕಾರಭಾರ ಸಿದ್ದಿ ಮಸೂದ್ ಕೈಯಲ್ಲಿತ್ತು.

‘ಹಬ್ಶಿ’ ಅಂದ್ರೆ ಅಬಿಸೀನಿಯಾದವರು, ಅಂದ್ರೆ ಇವತ್ತಿನ ಇಥಿಯೋಪಿಯಾ ಕಡೆಯವರು. ದಖ್ಖನ್ನಿನ ಅತಿ ಹೆಸರುವಾಸಿ ಹಬ್ಶಿ, ಅಹಮದ್‌ನಗರದ ಮಲಿಕ್ ಅಂಬರ್, ಹುಟ್ಟಿದ್ದು ಇಥಿಯೋಪಿಯಾದಲ್ಲೇ. ಹೀಗಾಗಿ ನಮ್ಮ ಕಡೆ ಒಂದು ಸರಳ ಕಥೆ ಓಡಾಡ್ತದೆ: ಆದಿಲ್ ಶಾಹಿ ಮುಗಿದ ಮೇಲೆ ಇಲ್ಲಿಯ ಹಬ್ಶಿ ಸೈನಿಕರು ಕಾಡು ಸೇರಿದರು, ಅವರ ಮಕ್ಕಳೇ ಇವತ್ತಿನ ಸಿದ್ದಿಗಳು. ಕೇಳೋಕೆ ಚಂದ ಇದೆ. ಆದರೆ ಡಿಎನ್‌ಎ ಇಷ್ಟು ಸರಳವಾಗಿ ಹೇಳಲಿಲ್ಲ.

2011ರ ಅಧ್ಯಯನ

2011ರಲ್ಲಿ ಹೈದರಾಬಾದಿನ ಸಿಸಿಎಂಬಿ, ಅಂದ್ರೆ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅವರ ಸಂಗಡಿಗರು ಸಿದ್ದಿಗಳ ವಂಶವಾಹಿ ಅಧ್ಯಯನ ಪ್ರಕಟಿಸಿದರು. ಅವರು ಮೂರು ದಾರಿಗಳಿಂದ ನೋಡಿದರು.

ಒಂದು, ವೈ ಕ್ರೋಮೋಸೋಮ್. ಇದು ಅಪ್ಪನಿಂದ ಮಗನಿಗೆ ಮಾತ್ರ ಹೋಗ್ತದೆ. ಎರಡು, ಮೈಟೋಕಾಂಡ್ರಿಯಾದ ಡಿಎನ್‌ಎ. ಇದು ತಾಯಿಯಿಂದ ಮಕ್ಕಳಿಗೆ ಬರ್ತದೆ, ಮುಂದೆ ಸಾಗೋದು ಹೆಣ್ಣುಮಕ್ಕಳ ಮೂಲಕ. ಮೂರು, ಉಳಿದ ಕ್ರೋಮೋಸೋಮ್‌ಗಳು. ಇಲ್ಲಿ ಅಪ್ಪನ ಕಡೆಯ, ಅವ್ವನ ಕಡೆಯ ಎಲ್ಲಾ ಹಿರಿಯರ ಪಾಲೂ ಕಲಸಿಕೊಂಡಿರ್ತದೆ. ಇದರಲ್ಲಿ ಲಕ್ಷಾಂತರ ಗುರುತುಗಳನ್ನು ಓದಿ, ಆಫ್ರಿಕಾ, ಭಾರತ, ಯುರೋಪಿನ ಜನರ ಗುರುತುಗಳ ಪಕ್ಕ ಇಟ್ಟು ಹೋಲಿಸಿದರು.

ಸಿಕ್ಕ ಉತ್ತರ ಹೀಗಿತ್ತು. ಸಿದ್ದಿಗಳಲ್ಲಿ ಆಫ್ರಿಕಾದ ಪಾಲಿದೆ, ಭಾರತದ ಪಾಲೂ ಇದೆ. ಯುರೋಪಿನ, ಬಹುಶಃ ಪೋರ್ಚುಗೀಸರ ಪಾಲು ಸ್ವಲ್ಪ ಇರಬಹುದು. ಅಪ್ಪನ ಸಾಲು, ತಾಯಿಯ ಸಾಲುಗಳಲ್ಲಿ ಆಫ್ರಿಕಾದ ಗುರುತುಗಳು ತೋರಿಸಿದ್ದು ಬಂಟು ಭಾಷೆಗಳನ್ನಾಡುವ ಜನರ ಕಡೆಗೆ. ಅದೇ ವರ್ಷ ಪಶ್ಚಿಮ ಭಾರತದ ಆಫ್ರಿಕಾ ಮೂಲದ ಸಮುದಾಯದ ಮೇಲೆ ಬಂದ ಇನ್ನೊಂದು ಅಧ್ಯಯನವೂ ಬಂಟು ಮೂಲವನ್ನೇ ತೋರಿಸಿತು. ಅಲ್ಲಿ ಆಫ್ರಿಕಾದ ಪಾಲು ಸರಾಸರಿ 58.7% ಇತ್ತು.

ಇಲ್ಲೇ ಗಂಟು ಇರೋದು. ಬಂಟು ಭಾಷೆಗಳ ಜನ ಮೊಜಾಂಬಿಕ್, ತಾಂಜಾನಿಯಾ ಮುಂತಾದ ಕಡೆ ಇದ್ದಾರೆ. ಇಥಿಯೋಪಿಯಾದ ಮುಖ್ಯ ಭಾಷೆಗಳು ಬಂಟು ಕುಟುಂಬಕ್ಕೆ ಸೇರಿದವಲ್ಲ. ಅಂದ್ರೆ ಇವತ್ತಿನ ಸಿದ್ದಿಗಳ ಮೂಲ ಹುಡುಕೋರು ವಿಜಯಪುರದ ದರ್ಬಾರಿಗಿಂತ ಗೋವಾದ ಬಂದರಿನ ಕಡೆ ಹೆಚ್ಚು ನೋಡಬೇಕು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತರ್ತಿದ್ದರು. ಅವರಲ್ಲಿ ತಪ್ಪಿಸಿಕೊಂಡವರಿಗೆ ಘಟ್ಟದ ದಟ್ಟ ಕಾಡು ಆಸರೆಯಾಯಿತು.

ಹಾಗಂತ ವಿಜಯಪುರದ ಹಬ್ಶಿಗಳ ರಕ್ತ ಯಾರಲ್ಲೂ ಉಳಿದಿಲ್ಲ ಅಂತಲ್ಲ. ಆ ಕಾಲದಲ್ಲಿ ಆಫ್ರಿಕಾದಿಂದ ಬಂದ ಯಾರನ್ನಾದರೂ ‘ಹಬ್ಶಿ’ ಅಂದುಬಿಡ್ತಿದ್ದರು. ಅಲ್ಲದೆ ಇಂಥ ಅಧ್ಯಯನ ಹೇಳೋದು ಇಡೀ ಸಮುದಾಯದ ದೊಡ್ಡ ಪಾಲಿನ ಬಗ್ಗೆ. ಒಂದೊಂದು ಮನೆತನದ ಕಥೆ ಬೇರೆಯೇ ಇರಬಹುದು.

ಆಯಿಯ ಕೌದಿ

ಆ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಆಫ್ರಿಕಾದ ಹಿರಿಯರು ಮತ್ತು ಇಲ್ಲಿಯ ಜನರ ಬೆರಕೆ ನಡೆದದ್ದು ಸುಮಾರು ಕಳೆದ ಎಂಟು ತಲೆಮಾರುಗಳಲ್ಲಿ, ಅಂದ್ರೆ ಸರಿಸುಮಾರು 200 ವರ್ಷಗಳಲ್ಲಿ. ಉಗುಳು, ರಕ್ತದ ಒಂದು ಹನಿ ನೋಡಿ ವರ್ಷ ಹೇಗೆ ಎಣಿಸ್ತಾರೆ? ನನಗೂ ತಲಿಗೆ ಹೋಗಿರಲಿಲ್ಲ. ಅವತ್ತು ಬಬಲೇಶ್ವರದಲ್ಲಿ ಆಯಿಯ ಹೊರಸಿನ ಮೇಲಿದ್ದ ಕೌದಿ ನೋಡಿದಾಗ ಹೊಳೀತು.

ಹಿಂಗ ತಿಳ್ಕೊಳ್ಳಿ. ಒಂದು ಉದ್ದನೆಯ ಕೆಂಪು ಪಟ್ಟಿ, ಅದೇ ಅಳತೆಯ ಒಂದು ಹಸಿರು ಪಟ್ಟಿ. ಕೆಂಪು ಅಪ್ಪನ ಕಡೆಯದು, ಹಸಿರು ಅವ್ವನ ಕಡೆಯದು. ಮಗುವಿಗೆ ಎರಡೂ ಪಟ್ಟಿ ಇಡಿಯಾಗಿ ಸಿಗ್ತವೆ. ಆ ಮಗು ದೊಡ್ಡದಾಗಿ ತನ್ನ ಮಗುವಿಗೆ ಕೊಡುವಾಗ, ಎರಡೂ ಪಟ್ಟಿಗಳನ್ನು ಒಂದೆರಡು ಕಡೆ ಕತ್ತರಿಸಿ, ಅದಲುಬದಲು ಮಾಡಿ ಹೊಲಿದ ಒಂದೇ ಪಟ್ಟಿ ಕೊಡ್ತದೆ. ಮುಂದಿನ ತಲೆಮಾರಿನಲ್ಲಿ ಮತ್ತೆ ಕತ್ತರಿ, ಮತ್ತೆ ಹೊಲಿಗೆ. ತಲೆಮಾರು ಹೆಚ್ಚಾದಷ್ಟೂ ತುಂಡುಗಳು ಸಣ್ಣ ಆಗ್ತಾ ಹೋಗ್ತವೆ.

ಆದ್ದರಿಂದ ಕೆಂಪು ತುಂಡುಗಳು ಉದ್ದ ಇದ್ದರೆ ಬೆರಕೆ ಇತ್ತೀಚಿನದು. ಚಿಂದಿ ಚಿಂದಿ ಆಗಿದ್ದರೆ ಬಹಳ ಹಳೆಯದು. ಸಿದ್ದಿಗಳ ಡಿಎನ್‌ಎಯಲ್ಲಿ ತುಂಡುಗಳು ಇನ್ನೂ ಉದ್ದ ಇದ್ದವು. ಅವುಗಳ ಉದ್ದದ ಲೆಕ್ಕವೇ ಎಂಟು ತಲೆಮಾರು. ತಲೆಮಾರಿಗೆ 25 ವರ್ಷ ಹಿಡಿದರೆ 200 ವರ್ಷ.

ಇಲ್ಲಿ ಬಹಳ ಜನ ಎಡವ್ತಾರೆ. 200 ವರ್ಷ ಅನ್ನೋದು ಬೆರೆತ ಕಾಲ, ಬಂದ ಕಾಲ ಅಲ್ಲ. ಆಫ್ರಿಕಾದಿಂದ ಬಂದದ್ದು 300ರಿಂದ 500 ವರ್ಷಗಳ ಹಿಂದೆ ಅನ್ನುತ್ತವೆ ಚರಿತ್ರೆಯ ದಾಖಲೆಗಳು. ಬಂದವರು ಕೆಲವು ತಲೆಮಾರು ತಮ್ಮೊಳಗೇ ಇದ್ದು, ಆಮೇಲೆ ಸುತ್ತಲಿನವರ ಜೊತೆ ಬೆರೆತರು ಅಂದ್ರೆ ಎರಡೂ ಲೆಕ್ಕ ಕೂಡ್ತವೆ. ಬೆರಕೆ ಹಲವು ಸಲ ನಡೆದಿದ್ದರೆ ಲೆಕ್ಕ ಇತ್ತೀಚಿನ ಕಾಲದ ಕಡೆ ವಾಲ್ತದೆ, ಅದನ್ನೂ ನೆನಪಿಡಬೇಕು.

ಅಂದಹಾಗೆ ಕೌದಿ ನೋಡಿದ ಗೆಳೆಯ, “ನಮ್ಮ ಅಮ್ಮನೂ ಹೊಲೀತಾಳೆ” ಅಂದ. ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ವಿದೇಶದಲ್ಲೂ ಪ್ರದರ್ಶನ ಕಂಡಿವೆ. ಆಯಿ ಮಾತ್ರ ಅವನಿಂದ ಅವರ ಹೊಲಿಗೆಯ ಗುಟ್ಟು ಕೇಳೋದರಲ್ಲೇ ಇದ್ದಳು.

ಹಂಗೇರಿಯಲ್ಲಿ ಉಲ್ಟಾ ಕಥೆ

ಈಗ ಸ್ವಲ್ಪ ದೂರ ಹೋಗೋಣ, ಯುರೋಪಿನ ನಡುವೆ ಇರುವ ಹಂಗೇರಿಗೆ. ಅಲ್ಲಿಯವರ ಭಾಷೆ ಸುತ್ತಲಿನ ಯಾವ ದೇಶದ ಭಾಷೆಗೂ ಹೊಂದೋದಿಲ್ಲ. ಅದರ ಹತ್ತಿರದ ನೆಂಟ ಭಾಷೆಗಳನ್ನು ಆಡೋರು ಉರಲ್ ಬೆಟ್ಟಗಳ ಆಚೆ, ಸೈಬೀರಿಯಾದಲ್ಲಿರುವ ಖಾಂಟಿ ಮತ್ತು ಮಾನ್ಸಿ ಜನ. ಹಂಗೇರಿಯರ ಹಿರಿಯರು ಕುದುರೆ ಏರಿ ಈಗಿನ ನೆಲಕ್ಕೆ ಬಂದದ್ದು ಕ್ರಿ.ಶ. 895ರ ಸುಮಾರಿಗೆ.

ಹಾಗಾದ್ರೆ ಇವತ್ತಿನ ಹಂಗೇರಿಯರ ಡಿಎನ್‌ಎ ಸೈಬೀರಿಯಾದವರ ಹಾಗೆ ಇರಬೇಕಲ್ವಾ? ಇಲ್ಲ. ಬಹುಪಾಲು ಅಕ್ಕಪಕ್ಕದ ಮಧ್ಯ ಯುರೋಪಿನವರ ಹಾಗೇ ಇದೆ. ಪೂರ್ವದ ಗುರುತು ಸಣ್ಣ ಪ್ರಮಾಣದಲ್ಲಷ್ಟೇ ಉಳಿದಿದೆ. ಅದಕ್ಕೇ ವಿಜ್ಞಾನಿಗಳು ಹಳೆಯ ಗೋರಿಗಳ ಎಲುಬುಗಳಿಂದ ಡಿಎನ್‌ಎ ತೆಗೆದರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗ ಬಂದವರ ಮೂಲದಲ್ಲಿ ಮಾನ್ಸಿಗಳ ಪೂರ್ವಜರು, ಸರ್ಮಾಟಿಯನ್ನರು, ಹೂಣರು ಮೂರೂ ಕಂಡರು. ಬಂದವರು ಕಡಿಮೆ, ಮೊದಲೇ ಇದ್ದವರು ಹೆಚ್ಚು. ರಕ್ತ ಊರಿನವರದ್ದೇ ಉಳೀತು, ಮಾತು ಬಂದವರದ್ದು ಗೆದ್ದಿತು.

ಸಿದ್ದಿಗಳಲ್ಲಿ ನೋಡಿ, ಉಲ್ಟಾ. ಆಫ್ರಿಕಾದ ಡಿಎನ್‌ಎ ದೊಡ್ಡ ಪಾಲು ಉಳೀತು, ಆದರೆ ಮನೆಮಾತು ಇಲ್ಲಿಯದಾಯಿತು: ಕೊಂಕಣಿ, ಕನ್ನಡ, ಉರ್ದು, ಮರಾಠಿ. ರಕ್ತ ಒಂದು ದಾರಿ ಹಿಡೀತದೆ, ಮಾತು ಇನ್ನೊಂದು ದಾರಿ ಹಿಡೀತದೆ. ಒಂದನ್ನು ನೋಡಿ ಇನ್ನೊಂದನ್ನು ಹೇಳೋಕೆ ಹೋದರೆ ಹಂಗೇರಿಯಲ್ಲೂ ತಪ್ಪಾಗ್ತದೆ, ತಿಕೋಟಾದ ಚಾದ ಅಂಗಡಿಯಲ್ಲೂ ತಪ್ಪಾಗ್ತದೆ.

‘ರಕ್ತದಾಗೇ ಐತಿ’ ಅನ್ನೋ ಮಾತು

ಈ ತಪ್ಪಿಗೆ ಬೆಲೆ ತೆತ್ತವರಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಶುರು ಮಾಡಿತು. ಆಫ್ರಿಕಾ ಮೂಲದವರು, ಓಟ ರಕ್ತದಲ್ಲೇ ಇದೆ ಅನ್ನೋ ನಂಬಿಕೆ ಅದರ ಹಿಂದಿತ್ತು. ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಂಚಿನ ಊರುಗಳಿಗೆ ವಾಪಸ್. ಮೂಲ ಗೊತ್ತಾದ ಮಾತ್ರಕ್ಕೆ ಮೈದಾನ, ಊಟ, ಕೋಚ್, ನೌಕರಿ ಇವೆಲ್ಲ ತಾವಾಗೇ ಬರೋದಿಲ್ಲ.

ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಗಮನಿಸಿ, 2011ರ ಡಿಎನ್‌ಎ ವರದಿ ಬರೋಕೆ ಎಂಟು ವರ್ಷ ಮೊದಲೇ ಉತ್ತರ ಕನ್ನಡದವರಿಗೆ ಹಕ್ಕು ಸಿಕ್ಕಿತ್ತು. ಅದು ಬಂದದ್ದು ಜನರ ಬದುಕಿನ ಸ್ಥಿತಿ ನೋಡಿ, ಅವರ ಹೋರಾಟದಿಂದ.

ಇನ್ನು ಆನ್‌ಲೈನ್‌ನಲ್ಲಿ ಕಿಟ್ ತರಿಸಿ ‘ನಮ್ಮ ಮೂಲ’ ನೋಡ್ತೀನಿ ಅನ್ನೋರಿಗೆ ಒಂದು ಲೆಕ್ಕ. ಹತ್ತು ತಲೆಮಾರು ಹಿಂದೆ ಹೋದರೆ ನಿಮಗೆ 1024 ಹಿರಿಯರ ಜಾಗ ಇರ್ತದೆ. ಅಪ್ಪನ ಸಾಲಿನ ಪರೀಕ್ಷೆ ಅದರಲ್ಲಿ ಒಬ್ಬನ ಸುದ್ದಿ ಹೇಳ್ತದೆ, ತಾಯಿಯ ಸಾಲಿನದು ಇನ್ನೊಬ್ಬಳ ಸುದ್ದಿ. ಉಳಿದ 1022 ಮಂದಿಯೂ ನಿಮ್ಮವರೇ.

ಕಡೆಗೆ ಮತ್ತೆ ಬಬಲೇಶ್ವರಕ್ಕೆ. ಖಡಕ್ ರೊಟ್ಟಿ, ಎಣ್ಣಿಗಾಯಿ, ಮೊಸರು ಆದ ಮೇಲೆ ಆಯಿ ಅದೇ ಪ್ರಶ್ನೆ ಕೇಳಿದಳು. ನನ್ನ ಎದೆ ಸ್ವಲ್ಪ ಧಸಕ್ ಅಂತು.

“ಯಾವೂರಪ್ಪಾ ನಿಂದು?”

“ಯಲ್ಲಾಪುರ, ಆಯಿ.”

“ಅಲ್ಲಿ ಮಳಿ ಭಾಳಂತ, ಖರೇನು?”

ಅಷ್ಟೇ. ಗೆಳೆಯ ಮಳೆ ಬಗ್ಗೆ ಅರ್ಧ ತಾಸು ಮಾತಾಡಿದ. ಮಳೆಗಾಗಿ ಕಾದು ಕಾದು ಸಾಕಾದ ನಮ್ಮೂರಿನ ಮುದುಕಿ ಬಾಯಿ ತೆರೆದು ಕೇಳ್ತಿದ್ದಳು.

ಈ ಸಂಚಿಕೆ ಇಲ್ಲಿಗೆ ಮುಗೀತು. ಮುಂದಿನ ವಾರ ಮತ್ತ ಸಿಗೋಣ್ರೀ.